ಖುಷ್ಕಿ ಸಾಲು

ನಾನು ಚಿಕ್ಕವನಿದ್ದಾಗ ನನಗೂ ನನ್ನವರಿಗೂ ಆದ ಅವಮಾನಗಳಲ್ಲಿ ಒಂದನ್ನೂ ನಾನು ಮರೆತಿಲ್ಲ. ಮರೆಯುವುದು ದೊಡ್ಡ ಗುಣವೆಂದು ನಿಮ್ಮ ಅಜ್ಜಿ ಹೇಳುತ್ತಾಳೆ. ಇರಬಹುದು, ಆ ಗುಣ ನನಗೆ ಒಲಿಯಲಿಲ್ಲ. ಅವುಗಳಲ್ಲಿ ಒಂದನ್ನು, ನಮ್ಮ ಅಕ್ಕನಿಗೆ ಆದದ್ದನ್ನು, ಇಂದು ನಿಮಗೆ ಹೇಳುತ್ತಿದ್ದೇನೆ, ಮಕ್ಕಳೇ. ಕಾರಣವಿಲ್ಲದೆ ಹೇಳುತ್ತಿಲ್ಲ.

ಎಂಬತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ನಮ್ಮೂರು ಮಸ್ಕಿಯ ಆಚೆ, ಕಾಲುವೆ ಮುಟ್ಟದ ಎರೆಭೂಮಿಯಲ್ಲಿತ್ತು. ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಜೋಳ ಬೆಳೆಯುತ್ತಿದ್ದೆವು. ಆ ವರ್ಷ ಅಪ್ಪನಿಗೆ ಗೊರೇಬಾಳದ ಸಮೀಪದ ಒಂದು ಊರಿನಲ್ಲಿ ಭತ್ತದ ಗದ್ದೆಗಳಿಗೆ ನೀರು ಕಟ್ಟುವ ಕೆಲಸ ಸಿಕ್ಕಿತು. ನಾವೆಲ್ಲ ಅಲ್ಲಿಗೆ ಹೋದೆವು. ಊರಿನ ಹೆಸರನ್ನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಹೇಳಿದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ.

ನಮ್ಮ ಕಡೆ ಕಾಲುವೆಯ ನೀರು ಹರಿಯುವ ಹೊಲಕ್ಕೆ ತರಿ ಎನ್ನುತ್ತಾರೆ, ಮಳೆಯನ್ನೇ ನಂಬಿದ ಒಣ ಹೊಲಕ್ಕೆ ಖುಷ್ಕಿ ಎನ್ನುತ್ತಾರೆ. ಹೊಸ ಶಾಲೆಯ ಮೊದಲ ದಿನ ಮಾಸ್ತರರು ನಮ್ಮನ್ನು ಕೇಳಿದ್ದು ಅದೊಂದೇ ಪ್ರಶ್ನೆ.

"ಏನಲೇ, ನಿಮ್ಮದು ತರಿಯೋ, ಖುಷ್ಕಿಯೋ?"

"ಖುಷ್ಕಿರೀ ಸರ, ಮಸ್ಕಿ ಕಡಿ" ಎಂದಳು ಅಕ್ಕ.

"ಹಂಗಾರ ಬಾಗಲ ಕಡಿ ಕುಂಡ್ರಿ. ಸುಗ್ಗಿ ಮುಗಿದ ಮ್ಯಾಲ ಎದ್ದು ಹೋಗಾವ್ರು ನೀವು. ನಡುವ ಕುಂತ್ರ ಎಲ್ಲಾರಿಗೂ ತ್ರಾಸು."

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅದನ್ನು ನ್ಯಾಯವಾಗಿ ಹೇಳಬೇಕು. ಒಣಭೂಮಿಯ ಮಂದಿ ನಾಟಿಗೆ ಬಂದು, ಕೊಯ್ಲು ಮುಗಿಸಿ ಹೋಗುತ್ತಿದ್ದದ್ದು ನಿಜ. ಐದು, ಆರು, ಏಳನೆಯ ತರಗತಿಗಳು ಒಂದೇ ಉದ್ದ ಕೋಣೆಯಲ್ಲಿ ನಡೆಯುತ್ತಿದ್ದವು. ನೆಲಕ್ಕೆ ಹಾಸಿದ ಶಹಾಬಾದ್ ಬಂಡೆ ತಣ್ಣಗಿರುತ್ತಿತ್ತು. ಊರಿನ ಮಕ್ಕಳು ಮುಂದೆ ಕುಳಿತರು. ನಾವು ಬಾಗಿಲ ಬದಿಯಲ್ಲಿ, ನೀರಿನ ಗಡಿಗೆಯ ಪಕ್ಕದಲ್ಲಿ ಕುಳಿತೆವು. ಆ ಸಾಲಿಗೆ ಖುಷ್ಕಿ ಸಾಲು ಎಂಬ ಹೆಸರು ಬಿತ್ತು.

ಬಾಗಿಲ ಬದಿಯಲ್ಲಿದ್ದವರಿಗೆ ಹೊರಗಿನ ಕೆಲಸ ಸಹಜವಾಗಿಯೇ ಬಂತು. ಗಣಿತದ ಪಾಠ ಶುರುವಾಗುವ ಹೊತ್ತಿಗೆ ಗಡಿಗೆ ಖಾಲಿಯಾಗಿರುತ್ತಿತ್ತು. ನಾವು ಕಾಲುವೆಗೆ ಹೋಗಿ, ನೀರು ತಂದು, ಸೋಸಿ ತುಂಬುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಮಾಸ್ತರರು ನಮಗೆ ತಪ್ಪಿದ ಆ ಅರ್ಧದಲ್ಲಿಯೇ ಪ್ರಶ್ನೆ ಕೇಳುತ್ತಿದ್ದರು. ನಮಗೆ ಬರುತ್ತಿರಲಿಲ್ಲ. ಆಗ ಅವರು ಸೀಮೆಸುಣ್ಣದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಸಿಟ್ಟಿಲ್ಲದೆ, ಹವೆಯ ಸಂಗತಿ ಹೇಳುವಂತೆ ಹೇಳುತ್ತಿದ್ದರು: "ಖುಷ್ಕಿ ತಲಿ. ಏನು ಬಿತ್ತಿದ್ರೂ ನಾಟಂಗಿಲ್ಲ."

ಮೊದಲು ಹಾಗೆ ಅಂದವರು ಮಾಸ್ತರರು. ಆಮೇಲೆ ಮುಂದಿನ ಸಾಲಿನವರು ಅಂದರು. ದೀಪಾವಳಿಯ ಹೊತ್ತಿಗೆ ನಾವೇ ಅನ್ನತೊಡಗಿದ್ದೆವು. ನನ್ನ ಪಕ್ಕದ ಹುಡುಗ ಪಾಠದ ನಡುವೆ ಆಕಳಿಸಿ, "ಲೇ, ನಮ್ಮದು ಖುಷ್ಕಿ. ನಮಗ್ಯಾಕಲೇ ಭಿನ್ನರಾಶಿ?" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಹೊರಗಿನಿಂದ ಬಂದ ಮಾತೊಂದು ಒಳಗೆ ಮನೆ ಮಾಡುವಾಗ ಸದ್ದಾಗುವುದಿಲ್ಲ, ಮಕ್ಕಳೇ. ಅದು ಬಂದು ಕುಳಿತ ಮೇಲೆಯೇ ತಿಳಿಯುತ್ತದೆ.

ಅಕ್ಕನ ತಲೆ ಎಂಥದೆಂಬುದು ನನಗೆ ಗೊತ್ತಿತ್ತು. ಹಳೆಯ ಊರಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಕೆಲಸವನ್ನು ಅವಳಿಗೇ ಬಿಟ್ಟಿದ್ದರು. ಮನೆಯಲ್ಲಿ ಬೀಸುಕಲ್ಲಿಗೆ ಜೋಳ ಹಾಕುತ್ತ, ಕಲ್ಲಿನ ಒಂದೊಂದು ಸುತ್ತಿಗೆ ಒಂದೊಂದು ಸಾಲಿನಂತೆ, ಅವಳು ಹತ್ತೊಂಬತ್ತರ ಮಗ್ಗಿಯನ್ನು ಹಾಡಿನ ಹಾಗೆ ಹೇಳುತ್ತಿದ್ದಳು. ಹಿಟ್ಟಿನ ಬಿಸಿ ವಾಸನೆ, ಕಲ್ಲಿನ ಗುಡುಗು, ಅವಳ ದನಿ: ನಾನು ಮಗ್ಗಿ ಕಲಿತದ್ದು ಹಾಗೆ. ಅವಳು ಆಗ ಏಳನೆಯ ತರಗತಿಯಲ್ಲಿದ್ದಳು, ನಾನು ಐದನೆಯದರಲ್ಲಿ. ಅವಳು ಮುಂದೆ ಓದಿ ಟೀಚರ್ ಆಗಬೇಕೆಂಬುದು ಅಪ್ಪನ ಆಸೆ. ಅಪ್ಪ ಹೆಚ್ಚು ಮಾತಿನವನಲ್ಲ; ಆ ಆಸೆಯೊಂದನ್ನು ಮಾತ್ರ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಏಳನೆಯ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ ಇತ್ತು. ಸಂಕ್ರಾಂತಿಯ ನಂತರ ಮಾಸ್ತರರು ಅಪ್ಪನನ್ನು ಕರೆಸಿ, ಶಾಲೆಯ ಫಲಿತಾಂಶ ಕೆಡಿಸುವವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಲಿಂಗಸುಗೂರಿನಿಂದ ಶಾಲೆ ತಪಾಸಣೆಗೆ ಸಾಹೇಬರು ಬರುವವರಿದ್ದರು. "ಸಾಹೇಬ್ರ ಮುಂದ ನಿನ್ನ ಮಗಳು ಒಂದು ಮಾತು ಸರಿಯಾಗಿ ಹೇಳ್ಲಿ, ಕುಂಡ್ರಸ್ತೀನಿ. ಇಲ್ಲಂದ್ರ ನಾಟಿಗೆ ಕಳಸು. ಅಲ್ಲೂ ಕೈ ಬೇಕಾಗ್ಯಾವು."

ಅಪ್ಪ ಅದನ್ನು ರೊಟ್ಟಿ ತಿನ್ನುತ್ತ ನಮಗೆ ತಿಳಿಸಿದ. ಅಕ್ಕ ನಕ್ಕಳು. "ಒಂದು ಮಾತೇನ್ ಯಪ್ಪಾ, ಇಡೀ ಮಗ್ಗಿ ಹೇಳ್ತೀನಿ" ಎಂದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಸಸಿಮಡಿಗಳಿಗೆ ಸಿಂಪಡಿಸಿದ ಔಷಧಿಯ ಕಟುವಾಸನೆ ಮಂಜಿನೊಳಗೆ ಸಿಕ್ಕಿಕೊಂಡು ಮೂಗಿನ ಮಟ್ಟದಲ್ಲೇ ನಿಂತಿತ್ತು. ಗದ್ದೆಯ ಬೆಳ್ಳಕ್ಕಿಗಳು ಒಂದೂ ಅಲುಗಾಡದೆ ನಿಂತಿದ್ದವು. ಅಕ್ಕ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆಗಳನ್ನು ಮುಂದಕ್ಕೆ ಹಾಕಿಕೊಂಡು, ಕಾಲುವೆಯ ಏರಿಯ ಮೇಲೆ ನನ್ನ ಮುಂದೆ ನಡೆಯುತ್ತ ಹತ್ತೊಂಬತ್ತರ ಮಗ್ಗಿಯನ್ನು ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಕೆಳಗೆ ಕಾಲುವೆ ತುಂಬಿ, ಸದ್ದಿಲ್ಲದೆ ಹರಿಯುತ್ತಿತ್ತು.

ಶಾಲೆಯ ಬಾಗಿಲಿಗೆ ಬಂದೆವು. ಅಕ್ಕ ಹೊಸ್ತಿಲು ದಾಟಿದಳು. ದಾಟಿದ ಕ್ಷಣದಲ್ಲೇ ಅವಳ ಹೆಗಲುಗಳು ಕುಗ್ಗಿದವು, ಜಡೆಗಳು ತಾವಾಗಿಯೇ ಹಿಂದಕ್ಕೆ ಹೋದವು, ಹೇಳುತ್ತಿದ್ದ ತುಟಿ ಮುಚ್ಚಿಕೊಂಡಿತು. ನಾನು ನೋಡಿದೆ. ಯಾರೂ ಅವಳನ್ನು ಬೈದಿರಲಿಲ್ಲ. ಮಾಸ್ತರರು ಇನ್ನೂ ಬಂದಿರಲೂ ಇಲ್ಲ.

ಸಾಹೇಬರ ಜೀಪು ಬಂದಾಗ ಬಿಸಿಲೇರಿತ್ತು. ಅಪ್ಪ ನೀರಿನ ಕೆಲಸ ಬಿಟ್ಟು, ಸಲಿಕೆಯನ್ನು ಬೇವಿನ ಮರಕ್ಕೆ ಒರಗಿಸಿ, ಕಿಟಕಿಯ ಹೊರಗೆ ನಿಂತಿದ್ದ. ಸಾಹೇಬರು ಒಳ್ಳೆಯವರೇ. ಕನ್ನಡಕದ ಹಿಂದೆ ದಣಿದ ಕಣ್ಣುಗಳಿದ್ದವು. ಬಂದವರೇ ಹತ್ತೊಂಬತ್ತರ ಮಗ್ಗಿ ಕೇಳಿದರು. ಇದಕ್ಕಿಂತ ಅದೃಷ್ಟ ಇನ್ನೇನು ಬೇಕು ಎಂದುಕೊಂಡೆ.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಜೋರಾಗಿ ಶುರು ಮಾಡಿದ. ಆರರವರೆಗೆ ಹೇಳಿ, ಏಳಕ್ಕೆ ನಿಂತುಬಿಟ್ಟ. ಅವನ ಪಕ್ಕದವನೂ ತಲೆ ತಗ್ಗಿಸಿದ. ಅದೇ ಹೊತ್ತಿಗೆ ಅಕ್ಕ ಸಾಹೇಬರಿಗೆಂದು ತಂಬಿಗೆಯಲ್ಲಿ ನೀರು ಹಿಡಿದು ಬಂದಿದ್ದಳು. ಅದು ನಮ್ಮ ಸಾಲಿನ ಕೆಲಸ. ಸಾಹೇಬರು ಅವಳ ತುಟಿ ಅಲುಗಿದ್ದನ್ನು ಕಂಡಿರಬೇಕು.

"ನೀ ಹೇಳು ತಂಗಿ. ಹತ್ತೊಂಬತ್ತು ಏಳಲೆ ಎಷ್ಟು? ಹೆದರಬ್ಯಾಡ."

ಕಿಟಕಿಯಲ್ಲಿ ಅಪ್ಪನ ಬೆರಳುಗಳು ಸರಳನ್ನು ಹಿಡಿದದ್ದು ಕಾಣಿಸಿತು. ನಾನು ಅಕ್ಕನ ಬದಲು ಮನಸ್ಸಿನಲ್ಲೇ ಹೇಳಲು ಹೋದೆ. ದಿನವೂ ಕೇಳಿದ ಮಗ್ಗಿ. ಆ ಬೆಳಿಗ್ಗೆಯೂ ಕೇಳಿದ್ದೆ. ನನಗೆ ಸಿಗಲಿಲ್ಲ. ಅದಿದ್ದ ಜಾಗ ಬರಿದಾಗಿತ್ತು.

ಅಕ್ಕ ತಂಬಿಗೆಯನ್ನು ಎರಡೂ ಕೈಗಳಿಂದ ಹಿಡಿದು, ಸ್ಪಷ್ಟವಾಗಿ, ಕೇಳಿದ ಪ್ರಶ್ನೆಗೆ ಅದೇ ಉತ್ತರವೆಂಬಂತೆ ಹೇಳಿದಳು: "ನಾವು ಖುಷ್ಕಿ ಸಾಲಿನವರ್ರೀ ಸರ."

ಮೊದಲು ನಕ್ಕವನು ಮುಂದಿನ ಸಾಲಿನ ಕೊನೆಯ ಹುಡುಗ. ಅವನ ಅಂಗಿಯ ಒಂದು ಗುಂಡಿಯನ್ನು ಕೆಂಪು ದಾರದಿಂದ ಹೊಲಿದಿದ್ದರು. ಆಮೇಲೆ ಎಲ್ಲರೂ ನಕ್ಕರು. ನಮ್ಮ ಸಾಲಿನವರೂ ನಕ್ಕರು. ಮಾಸ್ತರರು ನಗಲಿಲ್ಲ. ಪಾಠ ಒಪ್ಪಿಸಿದ ಮಗುವನ್ನು ನೋಡುವಂತೆ ಅಕ್ಕನನ್ನು ಮೆಚ್ಚಿ ನೋಡಿದರು. "ಖರೇ ಹೇಳ್ಯಾಳ್ರೀ ಸಾಹೇಬ್ರ. ಕಲಿಯೋರನ್ನ ಮುಂದ ಕುಂಡ್ರಿಸೀನಿ, ಉಳಿದವ್ರನ್ನ ಬಾಗಲ ಕಡಿ. ಶಿಸ್ತು ಇರತೈತಿ" ಎಂದರು. ಜೂನ್ ತಿಂಗಳಲ್ಲಿ ಅವರು ಕೇಳಿದ್ದು ಹೊಲದ ಮಾತಾಗಿತ್ತು. ಜನವರಿಯಲ್ಲಿ ಅದು ತಲೆಯ ಮಾತಾಗಿತ್ತು. ನಡುವೆ ಯಾವಾಗ ಬದಲಾಯಿತೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಸಾಹೇಬರು ತಲೆಯಾಡಿಸಿ, ನೀರು ಕುಡಿದು, ತಂಬಿಗೆಯನ್ನು ಅಕ್ಕನ ಕೈಗೇ ಹಿಂತಿರುಗಿಸಿದರು. ಅವರ ಮೇಲಿನ ನನ್ನ ಸಿಟ್ಟು ಮಾಸ್ತರರ ಮೇಲಿನದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಅವರಿಗೆ ಇನ್ನೊಮ್ಮೆ ಕೇಳುವಷ್ಟು ವೇಳೆ ಇತ್ತು.

ಜೀಪು ಹೋದ ಮೇಲೆ ಮಾಸ್ತರರು ಕಿಟಕಿಯ ಬಳಿಗೆ ಬಂದರು. "ನಿನ್ನ ಕಿವಿಲೇ ಕೇಳಿದೆಲ್ಲೋ" ಎಂದು ಅಪ್ಪನಿಗೆ ಹೇಳಿದರು. ಅಪ್ಪ ಸಲಿಕೆ ಎತ್ತಿಕೊಂಡ.

ಸಂಜೆ ಅಪ್ಪನೂ ನಾವಿಬ್ಬರೂ ಏರಿಯ ಮೇಲೆ ಮನೆಗೆ ನಡೆದೆವು. ಅಕ್ಕ ಮುಂದಿದ್ದಳು. ಶಾಲೆಯ ಬೇವಿನ ಮರ ಮರೆಯಾಗುತ್ತಿದ್ದಂತೆ ಅವಳ ನಡಿಗೆ ಸಡಿಲವಾಯಿತು. ಹೆಜ್ಜೆಗೊಂದರಂತೆ, ತನಗೇ ತಿಳಿಯದ ಹಾಗೆ, ಗುನುಗತೊಡಗಿದಳು. ಹತ್ತೊಂಬತ್ತು ಆರಲೆ ನೂರಾ ಹದಿನಾಲ್ಕು. ಹತ್ತೊಂಬತ್ತು ಏಳಲೆ ನೂರಾ ಮೂವತ್ತಮೂರು. ಅಪ್ಪ ನಿಂತುಬಿಟ್ಟ.

"ಯವ್ವಾ, ಅಲ್ಲ್ಯಾಕ ಹೇಳಲಿಲ್ಲಬೇ?"

ಅಕ್ಕ ತಿರುಗಿ ನೋಡಿದಳು. ಅಳುತ್ತಿರಲಿಲ್ಲ. ಅಪ್ಪ ಏಕೆ ಇದನ್ನು ಕೇಳುತ್ತಿದ್ದಾನೆಂದು ಅವಳಿಗೆ ನಿಜವಾಗಿಯೂ ಅಚ್ಚರಿಯಾದಂತಿತ್ತು. "ಅಲ್ಲಿ ನನಗ ಬರಂಗಿಲ್ಲ ಯಪ್ಪಾ" ಎಂದಳು.

ಅಪ್ಪ ಮರುದಿನ ಹೋಗಿ ಕೈಮುಗಿದು ಕೇಳಿಕೊಂಡ. ಮಾಸ್ತರರು ಒಪ್ಪಲಿಲ್ಲ. ಅಕ್ಕ ಅವ್ವನೊಡನೆ ನಾಟಿಗೆ ಇಳಿದಳು. ಬೇಸಿಗೆಯ ಬೆಳೆ ಮುಗಿದ ಮೇಲೆ ನಾವು ಮಸ್ಕಿಯ ಕಡೆಗೆ ಮರಳಿದೆವು. ಅಲ್ಲಿನ ಶಾಲೆಯಲ್ಲಿ ತರಿ, ಖುಷ್ಕಿ ಎಂದು ಕೇಳುವವರಿರಲಿಲ್ಲ, ಏಕೆಂದರೆ ಎಲ್ಲರದೂ ಖುಷ್ಕಿಯೇ. ಕೆಲವೇ ವಾರಗಳಲ್ಲಿ ನನ್ನ ಮಗ್ಗಿಗಳೆಲ್ಲ ಒಂದೊಂದಾಗಿ ಹಿಂದಿರುಗಿದವು. ಅವು ಎಲ್ಲಿಯೂ ಹೋಗಿರಲೇ ಇಲ್ಲ. ಅಕ್ಕನನ್ನೂ ಬಾ ಎಂದು ಅಪ್ಪ ಕರೆದ. ಅವಳು ಶಾಲೆಯ ಬಾಗಿಲಿನ ತನಕ ಬಂದು, ಅಲ್ಲಿಂದಲೇ ಮನೆಗೆ ಮರಳಿದಳು. ಅಪ್ಪ ಮತ್ತೆಂದೂ ಆ ಆಸೆಯನ್ನು ಯಾರ ಮುಂದೆಯೂ ಹೇಳಲಿಲ್ಲ.

ತೊಂಬತ್ತರ ದಶಕದಲ್ಲಿ ನಾನೇ ಲಿಂಗಸುಗೂರಿನ ಕಡೆ ಮಾಸ್ತರನಾದೆ. ಪ್ರತಿ ಸೋಮವಾರ ಹಿಂದಿನ ಸಾಲನ್ನು ಮುಂದಕ್ಕೆ, ಮುಂದಿನದನ್ನು ಬಾಗಿಲ ಬದಿಗೆ ಕೂರಿಸುತ್ತಿದ್ದೆ. ಗಡಿಗೆಯ ನೀರನ್ನು ನಾನೇ ತುಂಬುತ್ತಿದ್ದೆ. ಉಳಿದ ಮಾಸ್ತರರು ನನಗೆ ತಲೆ ಕೆಟ್ಟಿದೆ ಎಂದರು. ಯಾರ್ಯಾರು ಅಂದರೆಂಬುದೂ ನನಗೆ ನೆನಪಿದೆ.

ಈಗ ನಿಮ್ಮ ಶಾಲೆಯ ಮಾತು. ಸಿಂಧನೂರಿನ ಆ ಕಟ್ಟಡಕ್ಕೆ ನಾಲ್ಕು ಅಂತಸ್ತು. ಕುಳಿತುಕೊಳ್ಳಲು ಬೆಂಚು, ತಲೆಯ ಮೇಲೆ ಫ್ಯಾನು, ಗೋಡೆಯ ನಲ್ಲಿಯಲ್ಲಿ ತಣ್ಣೀರು. ಯಾರೂ ನೀರಿಗೆ ಹೋಗಬೇಕಾಗಿಲ್ಲ, ಯಾರೂ ನಿಮ್ಮನ್ನು ಬೈಯುವುದಿಲ್ಲ. ನಿಮ್ಮ ಅಂಗಿಯ ಮೇಲೆ ಬಣ್ಣದ ಬಿಲ್ಲೆಗಳನ್ನು ಮಾತ್ರ ಸಿಕ್ಕಿಸಿದ್ದಾರೆ, ಬೇಗ ಕಲಿಯುವವರಿಗೆ ಹಸಿರು, ನಿಧಾನದವರಿಗೆ ಹಳದಿ; ಚಂದವಾಗಿಯೇ ಇವೆ. ಇದು ಮಕ್ಕಳ ಅನುಕೂಲಕ್ಕೆಂದು ನಿಮ್ಮ ಟೀಚರು ಹೇಳಿದರಂತೆ. ಅನುಕೂಲಕ್ಕೆಂದೇ ಹೇಳಿರುತ್ತಾರೆ, ನನಗೆ ಸಂದೇಹವಿಲ್ಲ.

ಮೊನ್ನೆ ಭಾನುವಾರ ನಮ್ಮ ಅಕ್ಕ, ನಿಮ್ಮ ದೊಡ್ಡಜ್ಜಿ, ಬಂದಿದ್ದಳಲ್ಲ. ಊಟಕ್ಕೆ ಕುಳಿತಾಗ ನಿಮ್ಮಲ್ಲಿ ಚಿಕ್ಕವಳಾದ ನಿನಗೆ ಅವಳು ಸುಮ್ಮನೆ ಒಂದು ಲೆಕ್ಕ ಕೇಳಿದಳು. ಸುಲಭದ್ದೇ, ಹಿಂದಿನ ದಿನ ಇದೇ ಪಡಸಾಲೆಯಲ್ಲಿ ನನಗೆ ನೀನೇ ಉತ್ತರ ಹೇಳಿದ್ದ ಲೆಕ್ಕ. ನೀನು ಬಾಯೊಳಗಿನ ತುತ್ತನ್ನು ನುಂಗಿ, ನಗುತ್ತ, "ಅದು ಗ್ರೀನ್ ಗ್ರೂಪಿನವ್ರದು ದೊಡ್ಡಜ್ಜಿ. ನಾವು ಯಲ್ಲೋದವ್ರು" ಎಂದೆ. ಅಕ್ಕ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ತಟ್ಟೆಯ ಮೇಲೆ ಇಟ್ಟವಳು ಮತ್ತೆ ಎತ್ತಲಿಲ್ಲ.

ನಾಳೆ ಬೆಳಿಗ್ಗೆ ನಾನು ನಿಮ್ಮ ಶಾಲೆಗೆ ಬರುತ್ತಿದ್ದೇನೆ. ಇಷ್ಟು ವರ್ಷ ನೆನಪಿಟ್ಟುಕೊಂಡದ್ದೆಲ್ಲ ಅಲ್ಲಿ ಕೆಲಸಕ್ಕೆ ಬರಬೇಕು. ನನ್ನೊಡನೆ ಬಾ ಎಂದು ಅಕ್ಕನನ್ನೂ ಕರೆದೆ. ಅವಳು, "ಬರ್ತೀನಿ. ಆದ್ರ ನಾ ಒಳಗ ಬರಂಗಿಲ್ಲ, ಬಾಗಲದಾಗ ನಿಂದರ್ತೀನಿ" ಎಂದಳು.