ಡಾಸ ಓಡಸೋ ಡಬ್ಬಿ

ನಮ್ಮ ಮನಿಯವರ ಬಲಗೈ ಹೆಬ್ಬಟ್ಟು ಇವತ್ತು ಅಳ್ಳಾಡಿತು! ಬರೇ ಅಳ್ಳಾಡಿದ್ದಲ್ಲ, ಗುಂಡಿ ಒತ್ತಿತು, ಒತ್ತಿ ಹಾವನ್ನ ತಿರುವಿತು. ನಾನು ಕಣ್ಣಾರೆ ನೋಡೇನಿ. ಒಂದು ಸಲ ಆಗಿದ್ರ ಭ್ರಮಾ ಅಂತಿದ್ದೆ, ಮೂರು ಸಲ ಆತು. ನನಗ ನಿಂತಲ್ಲಿ ನಿಲ್ಲಾಕ ಆಗಲಿಲ್ಲ. ಸಕ್ಕರಿ ಡಬ್ಬಿ ಹಿಡಕೊಂಡು ಓಣಿಗೆ ಓಡಿದೆ, ಸಿಕ್ಕವರ ಬಾಯಾಗೆಲ್ಲ ಒಂದೊಂದು ಚಿಟಿಕಿ ಹಾಕಿದೆ. ಮೂಲಿ ಮನಿಯಾಕಿ ಕೇಳಿದ್ಳು, "ಏನ್ರಿ ಆಯಿ, ಮೊಮ್ಮಗಳ ಲಗ್ನ ಗಟ್ಟಿ ಆತೇನ್ರಿ?"

"ಲಗ್ನ ಯಾವಾಗರ ಆಗ್ತೈತವ್ವಾ, ಇವತ್ತು ಹೆಬ್ಬಟ್ಟು ಆತು!" ಅಂದೆ. ಆಕಿ ತಿಳೀಲಾರದ ಸಕ್ಕರಿ ನುಂಗಿದ್ಳು.

ತಿಳಿಯೂದರ ಹ್ಯಾಂಗ? ಮೊದಲಿಂದ ಹೇಳಬೇಕು.

ಈ ಸಲ ಮಳಿಗಾಲ ಹಿಡಿಯೋ ಮುಂದ ಒಂದು ಮುಂಜಾನೆ ಅವರ ಕೈಯಾಗಿನ ಚಹಾದ ಕಪ್ಪು ಜಾರಿತು. ಒರಿಸಿ, ಮತ್ತೊಂದು ಕಪ್ಪು ಕೊಟ್ಟೆ, ಅದೂ ಜಾರಿತು. "ಏನ್ರಿ ಇದು, ಮುಂಜಾನೆದ್ದು ಆಟ ಹಚ್ಚೀರಿ" ಅಂತ ಬೈದುಬಿಟ್ಟೆ. ಬೈದ ಮ್ಯಾಲೆ ಮುಖ ನೋಡಿದೆ. ಬಾಯಿ ಒಂದು ಕಡೆ ವಾರಿ ಆಗಿತ್ತು. ಆ ಬೈಗುಳ ಇನ್ನೂ ನನ್ನ ಎದ್ಯಾಗ ಮುಳ್ಳಾಗಿ ಕುಂತೈತಿ. ಲಕ್ವಾ ಹೊಡೆದಿತ್ತು. ಮಗ ದವಾಖಾನಿಗೆ ಒಯ್ದ, ಜೀವ ಉಳೀತು. ದಿನಾ ಹೋದಂಗ ಕಾಲು ಬಂತು, ಮಾತು ಅರ್ಧ ಬಂತು. ಬಲಗೈ ಮಾತ್ರ ತೋಯ್ದ ಟವೆಲ್ಲಿನಂಗ ಜೋತು ಬಿದ್ದಿತ್ತು.

"ಕೈಗೆ ಕೆಲಸ ಕೊಡ್ರಿ, ಈಗಿನ ತಿಂಗಳಾಗ ಎಷ್ಟು ಕೊಡ್ತೀರಿ ಅಷ್ಟು ತಿರುಗಿ ಬರ್ತೈತಿ. ಸುಮ್ಮನ ಬಿಟ್ರ ಹಂಗ ಕುಂತುಬಿಡ್ತೈತಿ" ಅಂತ ಡಾಕ್ಟರು ಹೇಳಿದ್ರು. ಕಸರತ್ತು ಮಾಡಸೋ ಬಾಯಿ ಒಬ್ಬಾಕಿ ವಾರಕ್ಕೊಮ್ಮೆ ಬರ್ತಿದ್ಳು, ಇಲ್ಲೇ ಗೋವಾದಾಕಿ, ಭಾಳ ಚಲೋ ಹೆಣ್ಣುಮಗಳು. ಅಂಗೈಯಾಗ ರಬ್ಬರ ಚೆಂಡು ಇಟ್ಟು ಹಿಚಕಾಕ ಹೇಳ್ತಿದ್ಳು. ಇವರು ಆಕಿ ಇರೋತನಕ ಇಟಗೋತಿದ್ರು, ಆಕಿ ಚಪ್ಪಲಿ ಮೆಟ್ಟಿದ ಕೂಡಲೆ ಚೆಂಡು ಮಂಚದ ಬುಡಕ ಉರುಳಿಸ್ತಿದ್ರು. "ನಾ ಏನು ಕೂಸೇನು?" ಅಂತಿದ್ರು.

ಕೈಕಿಂತ ಊಟದ್ದು ದೊಡ್ಡ ಸಂಕಟ ಆಗಿತ್ತು. ಎಡಗೈಲೆ ಉಣ್ಣಾಕ ಅವರ ಮನಸ್ಸು ಒಪ್ಪಲಿಲ್ಲ. ನಾನು ಉಣಿಸಿದ್ರ ಮಗ, ಸೊಸಿ ನೋಡ್ತಾರಂತ ನಾಚಿಕಿ. ಹಿಂಗಾಗಿ ಮಗ ದಾಬೋಲಿಮ್‌ದಾಗಿನ ಸೆಂಟ್ರಿಂಗ್ ಕೆಲಸದಿಂದ ಬರೋದ್ರೊಳಗ, ಸೊಸಿ ಕಾಜು ಕಾರ್ಖಾನಿಯಿಂದ ಬರೋದ್ರೊಳಗ ನಾನು ಬಾಗಲಾ ಹಾಕಿ, ಅವರನ್ನ ಗ್ವಾಡಿ ಕಡೆ ಮುಖ ಮಾಡಿ ಕುಂಡ್ರಿಸಿ ಉಣಿಸ್ತಿದ್ದೆ. ಎಲ್ಲಾರೂ ಕೂಡಿ ಉಂಡಿದ್ದು ಆ ಚಹಾದ ಕಪ್ಪು ಜಾರಿದ ಹಿಂದಿನ ದಿನಾನ ಕಡೀದು.

ಈಗ ಮೊಮ್ಮಗಳ ಮಾತು. ನನಗ ಆಯಿ ಅಂತಾಳ, ಅವರಿಗೆ ಅಜ್ಜಾ ಅಂತಾಳ. ಐಟಿಐದಾಗ ಕಲೀತಾಳ. ಆಕಿ ಗೆಳತಿ ಕಡಿಂದ ಅಂಗೈ ಅಗಲದ್ದು ಒಂದು ಗೇಮಿನ ಡಬ್ಬಿ ತಂದಿದ್ಳು. ನಡುವ ಪರದೆ, ಎಡಕ್ಕ ಅಧಿಕ ಚಿಹ್ನೆಯಂಗ ಒಂದು ಗುಂಡಿ, ಬಲಕ್ಕ ನಾಲ್ಕು ಗುಂಡಿ. ಹೊಸಾ ಆಟ ಆಡಾಕತ್ತಾಳಂತ ನಾ ತಿಳಿದಿದ್ದೆ. ಒಂದಿನ ನೋಡಿದ್ರ ಹುಬ್ಬು ಗಂಟು ಹಾಕಿಕೊಂಡು ಅದಕ್ಕ ಸಣ್ಣ ಕೀಬೋರ್ಡ್ ಒಂದನ್ನ ಹಚ್ಚಿ ಕುಂತಿದ್ಳು.

"ಏನ್ ಮಾಡಾಕತ್ತೀಯವ್ವಾ?"

"ಆಯಿ, ಮಾತಾಡಸಬ್ಯಾಡ. ಇದರಾಗ ಡಾಸ್ ಓಡಸಾಕತ್ತೇನಿ."

ಡಾಸ! ನಾನು ಕಲಿತಿದ್ದು ಮೂರನೇ ಇಯತ್ತೆ, ಆದ್ರ ಈ ಮಾತು ನನಗ ಗೊತ್ತಿತ್ತು. ಕಲ್ಲು ಹೊರೋ ಮುಂದ ನನ್ನ ಜೋಡಿ ದುಡಿದ ಮರಾಠಿ ಹೆಣ್ಣುಮಕ್ಕಳು ಸೊಳ್ಳಿಗೆ ಡಾಸ ಅಂತಿದ್ರು, ನಮ್ಮ ಕಡೆ ಗುಂಗಾಡು ಅಂತೀವಲ್ಲ, ಅದಕ್ಕ. ನನ್ನ ಮೊಮ್ಮಗಳು ಎಂಥಾ ಶಾಣ್ಯಾಕಿ ನೋಡ್ರಿ, ಐಟಿಐದಾಗ ಡಾಸ ಓಡಸೋ ಯಂತ್ರಾ ಮಾಡಾಕ ಕಲಿಸ್ಯಾರ ಅಂತ ಹಿಗ್ಗಿದೆ. ಬಾಜೂ ಮನಿ ಮರಾಠಿ ಬಾಯಿ ಮುಂದ ಹೇಳಿಯೂಬಿಟ್ಟೆ. ಆಕಿ, "ಹೊಗಿ ಬರ್ತೈತೇನು ಮಾವಶಿ?" ಅಂತ ಕೇಳಿದ್ಳು.

"ಹೊಗಿ ಇಲ್ಲ, ವಾಸನಿ ಇಲ್ಲ, ಬರೇ ಬೆಳಕು" ಅಂದೆ.

"ಅಯ್ಯ, ನಮ್ಮ ಮನಿಗೂ ಒಂದು ಮಾಡಿಕೊಡಾಕ ಹೇಳ್ರಿ" ಅಂದ್ಳು.

ಮರುದಿನ ಸಂಜಿಗೆ ಹುಡುಗಿ ಆ ಡಬ್ಬಿ ಹಚ್ಚಿ ಇಟ್ಟು ಅಂಗಡಿಗೆ ಹೋದ್ಳು. ನಮ್ಮ ಕುಡಚಡೆಯಾಗ ಮಳಿಗಾಲದ ಸಂಜಿ ಅಂದ್ರ ಸೊಳ್ಳಿದ ರಾಜ್ಯ. ನಾನು ಡಬ್ಬಿ ಒಯ್ದು ಅವರ ತಲಿದಿಂಬಿನ ಬಾಜೂ ಇಟ್ಟೆ. ಸೊಳ್ಳಿ ಕಾಯಿಲ್ ಹಚ್ಚಲಿಲ್ಲ, ಯಾಕ ದಂಡ ಮಾಡೂದು? "ಡಾಸ ಓಡಸೋ ಡಬ್ಬಿ ಐತ್ರಿ ಇದು, ಆರಾಮ ಮಕ್ಕೋರಿ" ಅಂತ ಹೇಳಿ ನಳಕ್ಕ ನೀರು ತರಾಕ ಹೋದೆ.

ಎರಡು ಕೊಡ ತುಂಬಿ ಬರೋದ್ರೊಳಗ ಅವರ ಕಾಲು, ಕುತಗಿ ಎಲ್ಲಾ ಸೊಳ್ಳಿ ಕಡಿದ ಬೊಕ್ಕಿ. ಆದ್ರ ಅವರಿಗೆ ಅದರ ಖಬರ್ ಇರಲಿಲ್ಲ. ಎದ್ದು ಕುಂತಿದ್ರು. ಎಡಗೈಯಾಗ ಆ ಡಬ್ಬಿ, ಮೂಗಿಗೆ ಹತ್ತೋವಷ್ಟು ಹತ್ತರ ಹಿಡಿದಿದ್ರು.

"ಕಾಟಾ" ಅಂದ್ರು.

"ಹೌದ್ರಿ, ಸೊಳ್ಳಿ ಕಾಟ ಭಾಳ ಆಗೇತಿ. ಈ ಡಬ್ಬಿ ಏನೂ ಉಪಯೋಗದ್ದಲ್ಲ" ಅಂದೆ.

"ಕಾಟಾ! ಕಾಟಾ!" ಡಬ್ಬಿ ನನ್ನ ಮುಖದ ಮುಂದ ಹಿಡಿದು ಒದರಿದ್ರು.

ಅಷ್ಟರಾಗ ಮೊಮ್ಮಗಳು ಬಂದ್ಳು. ನಾ ಸೊಳ್ಳಿ ಕಥಿ ಹೇಳಿದೆ. ಆಕಿ ಹೊಟ್ಟಿ ಹಿಡಕೊಂಡು ನಕ್ಕಳು, ಹೊಸ್ತಿಲ ಮ್ಯಾಲೆ ಕುಂತು ನಕ್ಕಳು. "ಆಯಿ, ಡಾಸ್ ಅಂದ್ರ ಸೊಳ್ಳಿ ಅಲ್ಲ! ಹಳೇ ಕಾಲದ ಕಂಪ್ಯೂಟರ್ ಅದರ ಮ್ಯಾಲೆ ನಡೀತಿದ್ವು. ಆ ಹಳೇ ಕಂಪ್ಯೂಟರಿನ ಜೀವಾ ಈ ಡಬ್ಬ್ಯಾಗ ತುಂಬೇನಿ ನಾನು." ಆಮ್ಯಾಲೆ ಅಜ್ಜನ ಮುಖ ನೋಡಿದ್ಳು, ನಗು ನಿಂತಿತು. "ಅಜ್ಜಾ, ನೀ ಯಾವ ಕಾಟಾ ಅನ್ನಾಕತ್ತಿ? ಲಾರಿ ತೂಗೂದೇನು?"

ಅವರು ಹೌದಂತ ಗೋಣು ಹಾಕಿದ್ರು, ಕಣ್ಣಾಗ ನೀರು.

ಆಗ ನನಗೂ ಹೊಳೀತು. ನಾವಿಬ್ಬರೂ ವಿಜಯಪುರದ ಕಡಿಂದ ಇಲ್ಲಿಗೆ ಬಂದ ಮ್ಯಾಲೆ ಇವರು ಮಣ್ಣಿನ ಲಾರಿ ತೂಗೋ ಕಾಟಾದ ಮ್ಯಾಲೆ ದುಡಿದ್ರು. ಇಲ್ಲಿ ಗಣಿ ಅದಿರಿಗೆ ಎಲ್ಲಾರೂ ಮಣ್ಣು ಅಂತಾರ. ಕಾಟಾದ ಕ್ಯಾಬಿನ್ನಿನಾಗ ಒಂದು ಕಂಪ್ಯೂಟರ್ ಇತ್ತು, ಕರೇ ಪರದೆ ಮ್ಯಾಲೆ ಬಿಳೇ ಅಕ್ಷರ. ಡಬ್ಬಿ ಪರದೆನೂ ಹಂಗ ಇತ್ತು, ಖರೇನ. ಇವರು ಸಾಲಿ ಮೆಟ್ಟಲಾ ಹತ್ತಿದವರಲ್ಲ, ಅಂಕಿ ಕಲಿತಿದ್ದ ಆ ಪರದೆ ನೋಡಿ. ನಾ ಮಧ್ಯಾನ ಬುತ್ತಿ ಒಯ್ದಾಗ ಲಾರಿ ಇರದಿದ್ರ ಆ ಕಂಪ್ಯೂಟರಿನಾಗ ಹಾವಿನ ಆಟ ಆಡ್ತಿದ್ರು. ಹಾವು ಒಂದು ಅಂಕಿ ತಿಂತಿತ್ತು, ಉದ್ದ ಆಗ್ತಿತ್ತು, ಮತ್ತೊಂದು ಅಂಕಿ ತಿಂತಿತ್ತು. ಗ್ವಾಡಿಗೆ ಹಾದ್ರ ಸಾಯ್ತಿತ್ತು. "ಬುತ್ತಿ ಆರ್ತೈತ್ರಿ" ಅಂದ್ರ "ತಡಿ, ಏಳು ತಿನ್ನಲಿ" ಅಂತಿದ್ರು.

ಇಷ್ಟು ಹೇಳಿದ್ದ ತಡ, ಹುಡುಗಿ ಆ ಆಟ ಎಲ್ಲಿದ್ರೂ ಬಿಡಲಿಲ್ಲ. ಎರಡು ದಿನದಾಗ ಹುಡುಕಿ ತಂದು ಡಬ್ಬಿಗೆ ಹಾಕಿದ್ಳು. ಮೊದಲ ಸಲ ಹಚ್ಚಿದಾಗ ಹಾವು ಕಣ್ಣು ಪಿಳುಕಿಸೋದ್ರೊಳಗ ಗ್ವಾಡಿಗೆ ಹಾದು ಸತ್ತಿತು. "ಹೊಸ ಮಷೀನಿಗೆ ಅವಸರ ಭಾಳ ಆಯಿ, ಹಳೇ ಆಟ ಅದರ ಜೋಡಿ ಓಡಿದ್ರ ಹಿಂಗಾಗ್ತೈತಿ. ಮಷೀನ್‌ದ ಕಾಲು ಕಟ್ಟಬೇಕು" ಅಂತ ಏನೇನೋ ಬರೆದು, ವೇಗ ಕಡಿಮಿ ಮಾಡಿ, ಮತ್ತ ಕಡಿಮಿ ಮಾಡಿ, ಅಜ್ಜನ ತಾಳಕ್ಕ ತಂದ್ಳು. ಆ ತಾಳ್ಮಿ ನೋಡಿ ನನಗ ನಾಚಿಕಿ ಆತು. ನಾನು ಅವರ ಮಾತು ತಡಾ ಆದ್ರ ನಡುವ ಬಾಯಿ ಹಾಕಿ ಮುಗಸ್ತಿದ್ದೆ.

ಅವರು ಆಡಿದ್ರು. ಎಡಕಿನ ಗುಂಡಿ ಮ್ಯಾಲೆ ಎಡಗೈ ಹೆಬ್ಬಟ್ಟು ಇಟ್ಟು, ನಾಲ್ಕು ತಿಂದ್ರು, ಐದು ತಿಂದ್ರು. ಸೊಟ್ಟ ಬಾಯಾಗ ನಕ್ಕರು. ನಾನು ಕೈ ಮುಗಿದೆ. ಆದ್ರ ಕಸರತ್ತಿನ ಬಾಯಿ ಬಂದು ನೋಡಿ ಮೊದಲ ನಕ್ಕಳು, ಆಮ್ಯಾಲೆ ಮೆತ್ತಗ ಹೇಳಿದ್ಳು, "ಚಲೋ ಆತು. ಆದ್ರ ದುಡಿಯೂದು ಎಡಗೈ, ಬಲಗೈ ಮಲಗೇ ಐತಲ್ಲ."

ಅವತ್ತಿನ ದಿನಾನ ಹುಡುಗಿ ಗುಂಡಿ ಅದಲುಬದಲು ಮಾಡಿದ್ಳು. ಮ್ಯಾಲೆ, ಕೆಳಗ, ಆಕಡೆ, ಈಕಡೆ ಎಲ್ಲಾ ಬಲಗಡಿ ನಾಲ್ಕು ಗುಂಡಿಗೆ ಹಾಕಿದ್ಳು, ಎಡಕಿಂದು ಸತ್ತಂಗ ಮಾಡಿದ್ಳು. ಅಜ್ಜ ಎಡಗಡೆ ಒತ್ತೇ ಒತ್ತಿದ್ರು, ಹಾವು ಕೇಳಲಿಲ್ಲ.

"ಕೆಟ್ಟೈತಿ."

"ಕೆಟ್ಟಿಲ್ಲ ಅಜ್ಜಾ, ಬಲಗೈಲೆ ಆಡು."

ಅವರು ಆಕಿ ಮುಖ ನೋಡಿದ್ರು. ನಾನು ಅವರಿಂದ ಅಂಥಾ ನೋಟ ಎಂದೂ ಕಂಡಿದ್ದಿಲ್ಲ. ಡಬ್ಬಿ ಹಾಸಗಿ ಮ್ಯಾಲೆ ಒಗೆದು ಗ್ವಾಡಿ ಕಡೆ ತಿರುಗಿದ್ರು. ಎರಡು ದಿನ ಆಕಿ ಜೋಡಿ ಮಾತಿಲ್ಲ. ಹುಡುಗಿ ಬಚ್ಚಲದಾಗ ಅತ್ತಳು. "ಒಂದು ಖುಷಿ ಕೊಟ್ಟಿದ್ದೆ ಆಯಿ, ನಾನ ಕಸಗೊಂಡೆ. ತಿರುಗಿ ಮೊದಲಿನಂಗ ಮಾಡಿಬಿಡ್ಲೇನು?" ನನಗೂ ಮಾಡು ಅನ್ನಬೇಕನಿಸ್ತು. ಬಾಯಿತನಕ ಬಂತು. ಯಾಕೋ, "ನಾಳೆತನಕ ತಡಿ" ಅಂದೆ.

ಆ ನಾಳೆ ಅಂದ್ರ ಇವತ್ತು. ಮಧ್ಯಾನ ಊಟ ಆದ ಮ್ಯಾಲೆ ನಾನು ಅವರ ಮಗ್ಗಲಕ್ಕ ಕುಂತು, ಡಬ್ಬಿ ಅವರ ತೊಡಿ ಮ್ಯಾಲೆ ಇಟ್ಟು, ಜೋತಿದ್ದ ಬಲಗೈ ಎತ್ತಿ ಗುಂಡಿಗಳ ಬಾಜೂ ಇಟ್ಟೆ. "ನೀವು ಆಡಬ್ಯಾಡ್ರಿ, ನಾ ಆಡ್ತೇನಿ. ಎಷ್ಟು ವರ್ಷ ಬುತ್ತಿ ಹಿಡಕೊಂಡು ನಿಂತೇನಿ, ಒಂದಿನಾರ ನನಗ ಕೊಟ್ಟಿದ್ರೇನು?"

ಆಡಾಕ ನನಗೇನು ಬರ್ತೈತ್ರಿ? ಹಾವು ನೆಟ್ಟಗ ಹೋಗಿ ಗ್ವಾಡಿಗೆ ಹಾದಿತು. ಮತ್ತ ಹಾದಿತು. ಅವರು ಗೊಣಗಿದ್ರು. ಮೊಮ್ಮಗಳು ಬಾಗಲದಾಗ ನಿಂತು ಬಾಯಿ ಮ್ಯಾಲೆ ಕೈ ಇಟಗೊಂಡಿದ್ಳು.

"ತಿರುವು" ಅಂದ್ರು.

"ಎತ್ತಾಗ್ರಿ?"

"ಮ್ಯಾಲೆ! ಮ್ಯಾಲೆ ತಿರುವು!"

"ಯಾವ ಗುಂಡೀರಿ ಮ್ಯಾಲಿಂದು?"

"ಅಯ್ಯ, ಹುಚ್ಚಿ!" ಅಂದ್ರು, ಅಂದದ್ದ ತಡ ಅವರ ಹೆಬ್ಬಟ್ಟು ನನ್ನ ಬೆರಳ ದೂಡಿ ಮ್ಯಾಲಿನ ಗುಂಡಿ ಒತ್ತಿತು. ಹಾವು ಮ್ಯಾಲೆ ತಿರುಗಿತು.

ನಾನು ನನ್ನ ಕೈ ಹಿಂದ ತಗೊಂಡೆ. ಹಾವು ಹೊಂಟ ಇತ್ತು. ಅವರು ತಮ್ಮ ಹೆಬ್ಬಟ್ಟನ್ನ ಬ್ಯಾರೆಯವರದು ನೋಡಿದಂಗ ನೋಡಿದ್ರು. ಮತ್ತ ಒತ್ತಿದ್ರು. ಮುಖ ಕೆಂಪಾತು, ಬೆವರು ಬಂತು, ಒಂದು ಗುಂಡಿಗೆ ಅಷ್ಟು ಶಕ್ತಿ ಬೇಕಾತು. ಮೂರನೇ ಸಲ ಒತ್ತಿದಾಗ ಹಾವು ಒಂದರ ಅಂಕಿ ತಿಂದಿತು. ಹುಡುಗಿ ಬಂದು ಅಜ್ಜನ ಕೊರಳಿಗೆ ಬಿದ್ಳು. "ನೂಕಬ್ಯಾಡ, ಸಾಯ್ತೈತಿ ಹಾವು" ಅಂತ ಬೈಸಿಕೊಂಡ್ಳು. ಆಕಿಗೆ ಆ ಬೈಗುಳ ಎಷ್ಟು ಸಿಹಿ ಆತೋ, ಎರಡು ದಿನದ ಮ್ಯಾಲೆ ಬಂದ ಮಾತು ಅದು.

ಕಸರತ್ತಿನ ಬಾಯಿಗೆ ಫೋನ್ ಹಚ್ಚಿದಿವಿ. ಆಕಿ ಖುಷಿಯಿಂದ ಕೂಗಿದ್ಳು, ಕೂಗಿ ಆದ ಮ್ಯಾಲೆ, "ಇದು ಚಾಲೂ ಅಷ್ಟ ಆಗೇತಿ. ಹೆಬ್ಬಟ್ಟು ಬಂದೈತಿ, ಉಳಿದ ಬೆರಳಿಗೆ ಇನ್ನೂ ಭಾಳ ದಿನ ಹಿಡೀತಾವು. ಚೆಂಡು ಬಿಡಬ್ಯಾಡ್ರಿ" ಅಂದ್ಳು. "ಕೇಳಿಸ್ತೇನ್ರಿ?" ಅಂತ ನಾ ಕೇಳಿದೆ. ಅವರು ಕೇಳಿಸಲಾರದವರಂಗ ಹಾವು ನೋಡ್ತಿದ್ರು.

ಸಂಜಿ ರೈಲಿಗೆ ಮಗ ಬಂದ. ನಂಬಲಿಲ್ಲ. "ತೋರಸಪ್ಪಾ" ಅಂದ. ಮೊದಲ ಸಲ ಆಗಲಿಲ್ಲ, ಹೆಬ್ಬಟ್ಟು ನಡುಗಿತು. ಮಗ ನನ್ನ ಕಡೆ ಕರುಣೆಯಿಂದ ನೋಡಿದ, ಮುದುಕಿಗೆ ಭ್ರಮಾ ಆಗೇತಿ ಅನ್ನೋವಂಗ. ಎರಡನೇ ಸಲ ಒತ್ತಿತು. ಮಗ ಸಿಮೆಂಟ್ ಹತ್ತಿದ ಅಂಗೀಲೇನ ಅಪ್ಪನ ಕಾಲ ಹತ್ತರ ನೆಲದ ಮ್ಯಾಲೆ ಕುಂತುಬಿಟ್ಟ.

ಇವತ್ತು ನಾ ಬಾಗಲಾ ಹಾಕಲಿಲ್ಲ. ಸೊಸಿ ಅನ್ನ, ತೊವ್ವಿ ಮಾಡಿ, ಬಾಂಗಡಿ ಮೀನು ಹುರಿದಿದ್ಳು. ಮಾವನ ತಾಟು ಎಲ್ಲಿಡಬೇಕಂತ ಕೈಯಾಗ ಹಿಡಕೊಂಡು ನಿಂತ್ಳು. "ಇಲ್ಲೆ" ಅಂದ್ರು ಅವರು, ಎಲ್ಲಾರ ನಡುವ ಜಾಗ ತೋರಿಸಿ.

ಬಲಗೈ ತಾಟಿನಾಗ ಇಟ್ರು. ಹೆಬ್ಬಟ್ಟು ಅನ್ನ ದೂಡಿತು, ಉಳಿದ ಬೆರಳು ಕೂಡಲಿಲ್ಲ. ಎಡಗೈಲೆ ಬಲಗೈ ಮಣಿಕಟ್ಟು ಹಿಡಿದು ಬಾಯಿತನಕ ಎತ್ತಿದ್ರು. ಅರ್ಧ ಲುಂಗಿ ಮ್ಯಾಲೆ ಬಿತ್ತು, ಅರ್ಧ ಬಾಯಿಗೆ ಹೋತು. ನಾ ಮುಂದ ಬಾಗಿದೆ, ಮಗ ನನ್ನ ಸೆರಗು ಹಿಡಿದು ಜಗ್ಗಿದ. ಯಾರೂ ನೋಡದವರಂಗ ನಾವು ನಮ್ಮ ನಮ್ಮ ತಾಟು ನೋಡಿದಿವಿ. ಹಿಂಗ ಮೂರು ತುತ್ತು. ನಾಲ್ಕನೇದಕ್ಕ ದಣಿದ್ರು. ಕೈ ತೊಡಿ ಮ್ಯಾಲೆ ಇಟಗೊಂಡು ನನ್ನ ಕಡೆ ತಿರುಗಿ, ಎಲ್ಲಾರ ಮುಂದನ ಬಾಯಿ ತೆರೆದ್ರು. ನಾನು ಮುಳ್ಳು ಬಿಡಿಸಿ ಬಾಂಗಡಿ ತುಣುಕು ಅನ್ನದಾಗ ಕಲಸಿ ಇಟ್ಟೆ.

"ನಾಳೆ ನನ್ನ ಜೋಡಿ ಆಡ್ತೀಯೇನಪ್ಪಾ?" ಅಂದ ಮಗ.

"ನೀ ಸೋಲ್ತಿ" ಅಂದ್ರು, ಬಾಯಾಗಿನ ಅನ್ನ ನುಂಗಿ.

ಮೊಮ್ಮಗಳು ನಕ್ಕಳು. ಸೊಸಿ ಅವರ ತಾಟಿಗೆ ಇನ್ನೊಂದು ಸೌಟು ಅನ್ನ ಹಾಕಿದ್ಳು. ಬ್ಯಾಡ ಅನ್ನಲಿಲ್ಲ ಅವರು.