ಬಸ್ಸಿಗೆಲ್ಲ ಗೊತ್ತಿದ್ದ ಗುಟ್ಟು

ಡಾಕ್ಟರು ಸ್ಕ್ಯಾನಿಂಗ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಮಿಣುಕುತ್ತಿದ್ದ ಒಂದು ಚುಕ್ಕೆಯನ್ನು ತೋರಿಸಿ, ಇದು ಮಗುವಿನ ಎದೆಬಡಿತ ಅಂದಾಗ ನನಗೆ ನಗು ಬಂತು. ಮುಗುಳ್ನಗೆಯಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಬಂದು, ತಡೆಯಲಾಗದೆ ಮೇಷ್ಟ್ರಿಂದ ಬೈಸಿಕೊಳ್ಳುವಂಥ ನಗು. ಹೊಟ್ಟೆ ಕುಲುಕಿ ಪರದೆಯ ಮೇಲಿನ ಚುಕ್ಕೆಯೇ ಕಾಣೆಯಾಯಿತು. ಸ್ವಲ್ಪ ಅಲ್ಲಾಡದೆ ಮಲಗಿ ಎಂದು ಡಾಕ್ಟರು ಹೇಳಿದರು. ನಾನು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡೆ. ನಾನು ಅಳುತ್ತಿದ್ದೇನೆ ಅಂದುಕೊಂಡು ನರ್ಸಮ್ಮ ಭುಜ ಸವರಿದರು, ಅದಕ್ಕೆ ಇನ್ನಷ್ಟು ನಗು ಉಕ್ಕಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು ಮೊದಲು ಗಾಬರಿಯಾದರು, ಆಮೇಲೆ ಅವರೂ ಶುರುಮಾಡಿದರು. ಕೊನೆಗೆ ಡಾಕ್ಟರು ಇವರನ್ನು ಹೊರಗೆ ಕಳಿಸಿ ಸ್ಕ್ಯಾನಿಂಗ್ ಮುಗಿಸಬೇಕಾಯಿತು.

ನಾವಿಬ್ಬರೂ ಹಾಗೆ ನಕ್ಕು ಬಹಳ ಕಾಲವಾಗಿತ್ತು. ಮದುವೆಯಾಗಿ ವರ್ಷಗಟ್ಟಲೆ ಕಾದು, ಮಾತ್ರೆ, ಇಂಜೆಕ್ಷನ್ನು, ಹರಕೆ ಎಲ್ಲ ಆದ ಮೇಲೆ ಒಂದು ಮಗು ನಿಂತಿತ್ತು. ಎಂಟನೇ ತಿಂಗಳಲ್ಲಿ ಅದರ ಅಲುಗಾಟ ನಿಂತುಹೋಯಿತು. ಹೆತ್ತೆ. ಗಂಡುಮಗು. ಅವನ ಮುಖವನ್ನು ಒಂದೇ ಸಲ ನೋಡಿದ್ದು. ಕಿವಿ ಮಾತ್ರ ಇವರದೇ, ಅಗಲ ಕಿವಿ. ಅತ್ತೆ ಅವನನ್ನು ಬಿಳಿ ಟವೆಲಿನಲ್ಲಿ ಸುತ್ತಿ ಹೊಸನಗರದ ಹತ್ತಿರದ ನಮ್ಮೂರಿಗೆ ಒಯ್ದರು. ಮಣ್ಣು ಮಾಡುವಾಗ ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ. ಮಗು ಇಲ್ಲದಿದ್ದರೂ ಎದೆಗೆ ಹಾಲು ಬರುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಬಂದಾಗ ಬಚ್ಚಲುಮನೆಯಲ್ಲಿ ನಿಂತು ಗೋಡೆ ಹಿಡಿದುಕೊಂಡೆ. ಆಮೇಲೆ ಮನೆಯಲ್ಲಿ ಯಾರೂ ಅವನ ಮಾತೆತ್ತಲಿಲ್ಲ. ನನಗೆ ನೋವಾದೀತು ಎಂದು ಅವರು ಸುಮ್ಮನಿದ್ದರು, ಅವರಿಗೆ ನೋವಾದೀತು ಎಂದು ನಾನು. ಅಂಥವನು ಹುಟ್ಟಿಯೇ ಇರಲಿಲ್ಲವೇನೋ ಎಂಬ ಹಾಗಾಯಿತು.

ಈ ಎರಡನೆಯ ಮಗು ಐವಿಎಫ್‌ನಿಂದ ಆದದ್ದು. ಮೊದಲೆರಡು ಸಲ ಕೈಗೂಡಲಿಲ್ಲ. ಆಸ್ಪತ್ರೆಯವರು ತಣ್ಣಗೆ ಕಾಪಿಟ್ಟಿದ್ದ ಭ್ರೂಣಗಳಲ್ಲಿ ಕೊನೆಯದು ಇದು. ಇವರು ಅದಕ್ಕೆ ಐಸ್‌ಕ್ಯಾಂಡಿ ಎಂದು ಹೆಸರಿಟ್ಟಿದ್ದರು. ಸ್ಕ್ಯಾನಿಂಗ್ ಮುಗಿಸಿ ಶಿವಮೊಗ್ಗದಿಂದ ಸಾಗರಕ್ಕೆ ಬರುವ ದಾರಿಯುದ್ದಕ್ಕೂ, ಐಸ್‌ಕ್ಯಾಂಡಿಗೆ ಬಿಸಿಲು ತಾಗುತ್ತದೆ, ಈ ಕಡೆ ಕೂತ್ಕೊ ಎಂದು ನನ್ನನ್ನು ಸೀಟಿನಿಂದ ಸೀಟಿಗೆ ಎಬ್ಬಿಸುತ್ತಿದ್ದರು.

ಮಗು ಕೈಗೆ ಬರುವವರೆಗೂ ಯಾರಿಗೂ ಹೇಳುವುದು ಬೇಡ ಎಂದು ನಾನು ಅವತ್ತೇ ಹೇಳಿಬಿಟ್ಟೆ. ಹೋದ ಸಲ ಬಯಕೆ ಊಟ ಉಂಡು, ಹಸಿರು ಬಳೆ ತೊಟ್ಟು, ಊರೆಲ್ಲ ಹರಸಿಸಿಕೊಂಡಿದ್ದೆ. ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಎಂದು ಹೇಳುವಾಗ ಜೀವ ಹೋಗಿಬಂದಿತ್ತು. ಇವರು ಒಪ್ಪಿದರು. ಒಪ್ಪುವುದೇನೋ ಸುಲಭ. ಆದರೆ ಇವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿಬರುವ ಖಾಸಗಿ ಬಸ್ಸಿನ ಕಂಡಕ್ಟರು. ದಿನವೂ ಅದೇ ಮುಖಗಳು, ಬೆಳಗಿನಿಂದ ಸಂಜೆವರೆಗೆ ಮಾತು. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದು ನನ್ನ ಹೊಟ್ಟೆಯಲ್ಲಿ ಮಗು ನಿಲ್ಲುವುದಕ್ಕಿಂತ ಕಷ್ಟದ್ದಾಗಿತ್ತು.

ನಾನಂತೂ ಚೆನ್ನಾಗಿಯೇ ಮುಚ್ಚಿಟ್ಟೆ. ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬೇರೆಯವರ ಹೊಟ್ಟೆ ಕಾಣದ ಹಾಗೆ ಚೂಡಿದಾರ ಹೊಲಿದು ಅನುಭವವಿದ್ದವಳಿಗೆ ತನ್ನ ಹೊಟ್ಟೆ ಯಾವ ಲೆಕ್ಕ? ಸಡಿಲವಾಗಿ ಹೊಲಿದುಕೊಂಡೆ, ದುಪಟ್ಟಾ ಅಗಲಿಸಿ ಹೊದ್ದೆ. ನಾಲ್ಕನೇ ತಿಂಗಳು ದಾಟಿತು, ಐದಾಯಿತು, ಯಾರೂ ಏನೂ ಕೇಳಲಿಲ್ಲ. ಜನ ಎಷ್ಟು ಪೆದ್ದರು ಎಂದು ಒಳಗೊಳಗೇ ಹಿಗ್ಗಿದೆ.

ಆ ದಿನಗಳಲ್ಲಿ ವಿಚಿತ್ರಗಳೆಲ್ಲ ನಡೆಯುತ್ತಿದ್ದವು, ನನ್ನ ತಲೆಗೇ ಹೋಗಲಿಲ್ಲ. ಮೇಗರವಳ್ಳಿಯಲ್ಲಿರುವ ನನ್ನ ಅಮ್ಮ ತೀರ್ಥಹಳ್ಳಿಯವರೆಗೆ ಬಂದು, ಇವರ ಬಸ್ಸಿನಲ್ಲಿ ವಾರವಾರವೂ ಚೀಲ ಕಳಿಸತೊಡಗಿದಳು. ಮಿಡಿ ಉಪ್ಪಿನಕಾಯಿ, ಹುಳಿ ಅಮಟೆ, ಕಾಡುನೆಲ್ಲಿ, ಬರೀ ಹುಳಿ. ಫೋನಿನಲ್ಲಿ ಕೇಳಿದರೆ, ಇಲ್ಲಿ ತಿನ್ನೋರಿಲ್ಲ ಅಂದಳು. ದೀಪಾವಳಿಗೆ ಬ್ಲೌಸು ಬೇಕೇ ಬೇಕು ಎಂದು ತಂದುಕೊಟ್ಟವರು, ನಿಧಾನಕ್ಕೆ ಮಾಡಿ, ಮುಂದಿನ ದೀಪಾವಳಿಗಾದರೂ ಆಯಿತು ಅಂದರು. ಪಕ್ಕದ ಮನೆಯಾಕೆ ನನ್ನ ಕೈಯಿಂದ ನೀರಿನ ಕೊಡ ಕಸಿದುಕೊಂಡು, ತನಗೆ ವ್ಯಾಯಾಮ ಮಾಡಲು ಹೇಳಿದ್ದಾರೆ ಅಂದರು. ಇನ್ನು ಅತ್ತೆ. ಸಾಗರಕ್ಕೆ ವರ್ಷಕ್ಕೊಮ್ಮೆ ಬರುವುದೂ ಕಷ್ಟ ಎನ್ನುತ್ತಿದ್ದವರು ಪದೇಪದೇ ಬಸ್ಸು ಹತ್ತಿ ಬಂದರು. ಒಂದು ಸಲ ಹಲ್ಲುನೋವು, ಒಂದು ಸಲ ಕನ್ನಡಕದ ಕಾಲು ಮುರಿದದ್ದು, ಇನ್ನೊಂದು ಸಲ ಆಧಾರ್ ಕಾರ್ಡು. ಕೊನೆಗೆ ನೆಪ ಮುಗಿದು, ಸಾಗರದಲ್ಲಿ ಪೊರಕೆ ಚೆನ್ನಾಗಿ ಸಿಗುತ್ತದೆ ಎಂದು ಬಂದರು. ಬಂದವರು ಮನೆ ಗುಡಿಸಿ, ಬಟ್ಟೆ ಒಗೆದು, ಅಡುಗೆ ಮಾಡಿಟ್ಟು ಹೋಗುತ್ತಿದ್ದರು. ಪೊರಕೆ ಕೊಂಡದ್ದನ್ನು ನಾನು ನೋಡಲಿಲ್ಲ.

ಆರನೇ ತಿಂಗಳಿಗೆ ನನಗೇ ಮನಸ್ಸು ತಡೆಯಲಿಲ್ಲ. ಅತ್ತೆಯೊಬ್ಬರಿಗಾದರೂ ಹೇಳಬೇಕು ಅನ್ನಿಸಿತು. ಹೇಗೆ ಶುರುಮಾಡುವುದು ಎಂದು ಅಂಗಡಿಯಲ್ಲಿ ಮೆಷಿನ್ನಿನ ಸದ್ದಿನ ಮರೆಯಲ್ಲಿ ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿಕೊಂಡೆ. ಒಂದು ಮಧ್ಯಾಹ್ನ ಅವರು ನಮ್ಮ ಅಡುಗೆಮನೆಯಲ್ಲಿ ಕೂತು ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದರು. ಎದುರಿಗೆ ಹೋಗಿ ಕೂತೆ.

"ಅತ್ತೆ, ನಂಗೆ ಆರು ತಿಂಗ್ಳು."

ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. "ಅಂತೂ ಹೇಳ್ದ್ಯಲ್ಲ ಮಾರಾಯ್ತಿ. ಬಾಯಿ ಬಿಗಿ ಹಿಡ್ದು ಹಿಡ್ದು ನಂಗೆ ದವಡೆ ನೋವು ಬಂದಿತ್ತು. ಹಲ್ಲುನೋವು ಅಂದಿದ್ದು ಪೂರ್ತಿ ಸುಳ್ಳಲ್ಲ."

ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲವಂತೆ. ಮೂರನೇ ತಿಂಗಳಿನ ಹೊತ್ತಿಗೆ ಒಂದು ದಿನ ಅತ್ತೆ ಹೊಸನಗರದಲ್ಲಿ ಬಸ್ಸು ಹತ್ತಿ ಕೂತಿದ್ದಾರೆ. ಇವರು ಬಂದು ಹೆತ್ತ ತಾಯಿಯ ಎದುರು ನಿಂತು, ಎಲ್ಲಿಗೆ ಎಂದು ಕೇಳಿ, ಟಿಕೆಟ್ ಹರಿದುಕೊಟ್ಟು, ಚಿಲ್ಲರೆ ಇದ್ರೆ ಕೊಡಿ ಅಂದಿದ್ದಾರೆ. ಕೊಟ್ಟ ಚಿಲ್ಲರೆಯನ್ನು ಇಸಿದುಕೊಂಡು, ಸಿಳ್ಳೆ ಹಾಕುತ್ತಾ ಮುಂದಿನ ಸೀಟಿಗೆ ಹೋಗಿದ್ದಾರೆ.

"ಅವ್ನು ಹಂಗೆ ಖುಷೀಲಿ ಮೈಮರ್ತಿದ್ದು ಅದಕ್ಕೆ ಮುಂಚೆ ಒಂದೇ ಸಲ," ಅಂದರು ಅತ್ತೆ. "ನಮ್ಮ ದೊಡ್ಡವ್ನು ನಿನ್ನ ಹೊಟ್ಟೇಲಿದ್ದಾಗ."

ದೊಡ್ಡವನು. ಅಷ್ಟು ವರ್ಷಗಳಲ್ಲಿ ಅವನ ಬಗ್ಗೆ ಆ ಮನೆಯಲ್ಲಿ ಕೇಳಿದ ಮೊದಲ ಮಾತು ಅದು. ಎಲ್ಲೋ ಶಾಲೆಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಅನ್ನುವ ಹಾಗೆ ಸಲೀಸಾಗಿ ಹೇಳಿಬಿಟ್ಟಿದ್ದರು. ನನಗೆ ಅಳು ಬಂತು. ದಂಟಿನ ನಾರು ಮೆತ್ತಿದ ಕೈಯಿಂದಲೇ ಅತ್ತೆ ನನ್ನ ಮುಖ ಒರೆಸಿದರು. ಗದ್ದೆಯ ಬದುವಿನ ಹತ್ತಿರ ಅವನನ್ನು ಇಟ್ಟ ಜಾಗವಿದೆಯಲ್ಲ, ಅಲ್ಲಿ ಹುಲ್ಲು ಕೊಯ್ಯಲು ಅವರು ಯಾರಿಗೂ ಬಿಡುವುದಿಲ್ಲವಂತೆ. ಅವನ ಕಿವಿ ನಿಮಗೆ ನೆನಪಿದೆಯಾ ಎಂದು ಕೇಳಿದೆ. ನೆನಪಿಲ್ಲದೆ ಏನು, ಅಪ್ಪನದೇ ಕಿವಿ ಅಂದರು. ಇಬ್ಬರೂ ಅತ್ತು ಮುಗಿಸುವ ಹೊತ್ತಿಗೆ ನನ್ನ ಮುಖ ಕೆಸುವಿನ ರಸಕ್ಕೆ ತುರಿಸತೊಡಗಿತ್ತು. ಅತ್ತೆ ಹುಣಸೆಹಣ್ಣು ಕಿವುಚಿ ಹಚ್ಚಿದರು. ಮುಖಕ್ಕೆಲ್ಲ ಹುಣಸೆ ಬಳಿದುಕೊಂಡು ಕೂತವಳನ್ನು ನೋಡಿ ಅವರಿಗೆ ನಗು, ಅವರನ್ನು ನೋಡಿ ನನಗೆ.

ಬೇರೆ ಯಾರಿಗೆ ಗೊತ್ತು ಎಂದು ಆಮೇಲೆ ಕೇಳಿದೆ. ಅತ್ತೆ ಸ್ವಲ್ಪ ಯೋಚಿಸಿ, ಗೊತ್ತಿಲ್ಲದವರು ಯಾರು ಎಂದು ಹೇಳುವುದೇ ಸುಲಭ ಅಂದರು. ಬಸ್ಸಿಗೆಲ್ಲ ಗೊತ್ತಿತ್ತು. ಡ್ರೈವರಿಗೆ, ದಿನವೂ ಬರುವ ಟೀಚರುಗಳಿಗೆ, ಬ್ಯಾಂಕಿನವರಿಗೆ, ಹೂವಿನ ಬುಟ್ಟಿಯವರಿಗೆ. ನನ್ನ ಅಮ್ಮನಿಗೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗಿತ್ತು. ಸೊಸೆ ತಾನಾಗಿ ಹೇಳುವವರೆಗೆ ಯಾರೂ ತುಟಿ ಬಿಚ್ಚಬಾರದು ಎಂದು ಅತ್ತೆಯೇ ಬಸ್ಸಿನಲ್ಲಿ ಎದ್ದುನಿಂತು ತಾಕೀತು ಮಾಡಿದ್ದರಂತೆ. ಸಂಜೆ ಇವರು ಮನೆಗೆ ಬಂದಾಗ ನಾನು ಸಿಟ್ಟು ಮಾಡಬೇಕೆಂದು ಕಾದಿದ್ದೆ. ಇವರು ಬಾಗಿಲಲ್ಲೇ ನಿಂತು, ತಾನು ಯಾರಿಗೂ ಒಂದಕ್ಷರ ಹೇಳಿಲ್ಲ ಎಂದು ಆಣೆ ಮಾಡಿದರು. ನಿಜವೇ ಇರಬೇಕು. ಬಾಯಲ್ಲಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಗುಟ್ಟು ಹೋದ ಮೇಲೆ ನನಗೆ ಹುಚ್ಚು ಹಿಡಿದಂತಾಯಿತು. ದುಪಟ್ಟಾ ಬಿಸಾಕಿ, ಹೊಟ್ಟೆ ಮುಂದೆ ಮಾಡಿಕೊಂಡು ಸಾಗರದ ಪೇಟೆಯಲ್ಲೆಲ್ಲ ಓಡಾಡಿದೆ. ಇವರ ರಜೆಯ ದಿನ ಅತ್ತೆಯೂ ಸೇರಿ ಮೂವರೂ ಆಟೋದಲ್ಲಿ ಕೆಳದಿಗೆ ಹೋದೆವು. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಕತ್ತಿಗಳ ಮುಂದೆ ನಿಂತಾಗ ಮಗು ಹೊಟ್ಟೆಗೆ ಒದ್ದ ಒದೆಗೆ ನಾನು ಗೋಡೆಗೆ ಒರಗಿದೆ. ಅತ್ತೆ ಕೈಯಿಟ್ಟು ನೋಡಿ, ಇದು ಯುದ್ಧಕ್ಕೆ ಹೊರಟ ಹಾಗಿದೆ ಅಂದರು.

ಭಯ ಹೋಗಿತ್ತು ಎಂದಲ್ಲ. ಎಂಟನೇ ತಿಂಗಳು ಬಂದಾಗ ಮೆಷಿನ್ನು ನಿಲ್ಲಿಸಿ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಒಂದು ದಿನ ಮಧ್ಯಾಹ್ನ ಊಟವಾದರೂ ಮಗು ಮಿಸುಕಲಿಲ್ಲ. ಪಕ್ಕದ ಮನೆಯಾಕೆ ಆಟೋ ಕರೆಸಿ ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ಯಂತ್ರವನ್ನು ಹೊಟ್ಟೆಗೆ ಇಟ್ಟ ತಕ್ಷಣ ಕುದುರೆ ಓಡಿದ ಹಾಗೆ ಸದ್ದು ಬಂತು. ನಿದ್ದೆ ಮಾಡ್ತಿತ್ತು ಅಷ್ಟೆ ಎಂದು ಡ್ಯೂಟಿ ಡಾಕ್ಟರು ಹೇಳಿದರು. ಆ ಸದ್ದನ್ನು ಇನ್ನೂ ಸ್ವಲ್ಪ ಹೊತ್ತು ಕೇಳಿಸಿ ಎಂದು ನಾನು ಬೇಡಿಕೊಂಡೆ. ಪಾಪ, ಕೇಳಿಸಿದರು.

ಒಂದು ಬೆಳಿಗ್ಗೆ ಶಿವಮೊಗ್ಗದಲ್ಲಿ ಸಿಸೇರಿಯನ್ ಮಾಡಿ ಮಗುವನ್ನು ತೆಗೆದರು. ಮಗು ಹೊರಬಂದು ಕಿರುಚಿದ ಕಿರುಚಾಟಕ್ಕೆ ಆಪರೇಷನ್ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹೆಣ್ಣುಮಗು. ನರ್ಸಮ್ಮ ಅವಳನ್ನು ಎತ್ತಿಕೊಂಡು ಹೊರಗೆ ಹೋದಾಗ ವರಾಂಡದ ತುಂಬ ಜನ ನಿಂತಿದ್ದರಂತೆ. ಇವರು ಎರಡೂ ಕೈ ಅಗಲಿಸಿ, "ಹಿಂದೆ ಜರುಗಿ, ಹಿಂದೆ ಜಾಗ ಖಾಲಿ ಇದೆ" ಎಂದು ಕೂಗಿ ದಾರಿ ಮಾಡಿಸಿದರು ಎಂದು ಅಮ್ಮ ಹೇಳಿದಳು. ನಾನು ನಕ್ಕೆ, ಹೊಲಿಗೆ ಚುಚ್ಚಿತು. ನಗಬೇಡ, ಹೊಲಿಗೆ ಬಿಟ್ಟೀತು ಎಂದು ಅಮ್ಮ ಗದರಿದಳು. ಯಾವ ಹೊಲಿಗೆ ಹಾಕಿದ್ದೀರಿ ಎಂದು ನಾನು ಡಾಕ್ಟರನ್ನು ವಿಚಾರಿಸಿದೆ. ಅವರು ತಮ್ಮ ಬ್ಲೌಸಿನ ತೋಳು ಬಿಗಿಯಾಗುತ್ತದೆ, ಏನು ಮಾಡಬಹುದು ಎಂದು ನನ್ನನ್ನು ವಿಚಾರಿಸಿದರು.

ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗಿಯ ತಾಯಿ ಬಂದು, ಮೊದಲನೇದಾ ಎಂದು ಕೇಳಿದರು. ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು. ಇವರು ಕಿಟಕಿಯ ಹೊರಗೆ ನೋಡಿದರು.

"ಎರಡನೇದು," ಅಂದೆ. "ಮೊದಲ್ನೇವ್ನು ಉಳೀಲಿಲ್ಲ."

ಆಕೆ ನನ್ನ ಕೈ ಹಿಡಿದು ಒತ್ತಿ, ಮಗುವಿನ ಮುಖ ಬಗ್ಗಿ ನೋಡಿ, ಚಿನ್ನದಂಥ ಕೂಸು ಅಂದರು. ಅಷ್ಟೆ. ಅಷ್ಟು ಸರಳವಾಗಿ ಹೇಳಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಬಾಣಂತನ ಮೇಗರವಳ್ಳಿಯಲ್ಲಿ ಆಯಿತು. ಅಮ್ಮ ಒಬ್ಬಳೇ ಸಾಕು ಅಂದರೂ ಅತ್ತೆ ಗಂಟು ಕಟ್ಟಿಕೊಂಡು ಬಂದು ಕೂತರು. ಮಗುವಿನ ನೀರು ಇಷ್ಟು ಬಿಸಿ ಇರಬೇಕು ಎಂದು ಒಬ್ಬರು, ಅಷ್ಟಲ್ಲ ಎಂದು ಇನ್ನೊಬ್ಬರು. ಹಂಡೆಯ ಎರಡು ಬದಿಗೆ ನಿಂತು ಇಬ್ಬರೂ ಮೊಣಕೈ ಅದ್ದಿ ಅದ್ದಿ ವಾದ ಮಾಡುವಷ್ಟರಲ್ಲಿ ನೀರು ತಾನಾಗಿ ಆರಿ ಸರಿಯಾಗುತ್ತಿತ್ತು. ಮಗಳು ಕಾಲ ಮೇಲೆ ಕವುಚಿ ಮಲಗಿ, ಎಣ್ಣೆ ಮಿಂಚುವ ಬೆನ್ನಿಗೆ ನೀರು ಹೊಯ್ಸಿಕೊಂಡು, ಕೊನೆಯಲ್ಲಿ ಹೊಯ್ದವರ ಮಡಿಲಲ್ಲೇ ಉಚ್ಚೆ ಮಾಡುತ್ತಿದ್ದಳು. ಯಾರ ಮಡಿಲಲ್ಲಿ ಹೆಚ್ಚು ಮಾಡಿದಳು ಎಂಬುದಕ್ಕೂ ಪೈಪೋಟಿ.

ಒಂದು ಮಧ್ಯಾಹ್ನ ಊಟವಾಗಿ ಇಬ್ಬರು ಅಜ್ಜಿಯರಿಗೂ ಜೊಂಪು ಹತ್ತಿತು. ಹುಟ್ಟಿದ ಮೇಲೆ ಮೊದಲ ಸಲ ನಾನೂ ಮಗಳೂ ಇಬ್ಬರೇ ಎಚ್ಚರವಾಗಿದ್ದದ್ದು. ಮೊದಲು ಹೆದರಿಕೆಯಾಯಿತು. ಉಸಿರು ಆಡುತ್ತಿದೆಯೇ ಎಂದು ಮೂಗಿಗೆ ಬೆರಳು ಹಿಡಿದೆ. ಅವಳು ಮುಖ ಸಿಂಡರಿಸಿ, ಕಣ್ಣು ಬಿಟ್ಟು, ಯಾರಿವಳು ಎನ್ನುವ ಹಾಗೆ ನೋಡಿದಳು. ನನ್ನ ಪರಿಚಯ ಹೇಳಿಕೊಂಡೆ. ಏನು ಕೆಲಸ, ಅಂಗಡಿ ಎಲ್ಲಿ, ಅವಳ ಮೊದಲ ಲಂಗಕ್ಕೆ ಯಾವ ಬಣ್ಣದ ಬಟ್ಟೆ ಎತ್ತಿಟ್ಟಿದ್ದೇನೆ, ಎಲ್ಲ ಹೇಳಿದೆ. ಅದಕ್ಕೆ ಜೇಬು ಇಡಬೇಕೋ ಬೇಡವೋ ಎಂದು ಕೇಳಿದೆ. ಒಳಗಿನಿಂದ ಅಮ್ಮ ನಿದ್ದೆಗಣ್ಣಿನಲ್ಲೇ, ಯಾರ ಹತ್ರ ಮಾತಾಡ್ತಿದ್ದಿ, ಯಾರು ಬಂದ್ರು ಎಂದು ಕೇಳಿದಳು.

"ಯಾರೂ ಇಲ್ಲ ಅಮ್ಮ, ಮಲ್ಕೊ," ಅಂದೆ. "ನನ್ ಮಗಳ ಹತ್ರ ಮಾತಾಡ್ತಿದೀನಿ."