ಚೀಟಿಯಕ್ಕನ ಹುಡುಕುವ ವಿದ್ಯೆ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಗೆ ಅವಳು ಕೆಲಸಕ್ಕೆ ಸೇರಿದಾಗ, ಹುಡುಕುವುದೆಂದರೆ ಮೊದಲ ಕಪಾಟಿನಿಂದ ಶುರುಮಾಡಿ ಕಡತ ಸಿಗುವವರೆಗೆ ತಿರುವುತ್ತಾ ಹೋಗುವುದಾಗಿತ್ತು. ರೋಗಿಗಳು ಬಂದ ಕ್ರಮದಲ್ಲೇ ಎಲ್ಲವನ್ನೂ ಒಟ್ಟಿದ್ದರು. ಮೊದಲ ವರ್ಷವೇ ಒಬ್ಬ ತಾಯಿ ಮಗುವಿನ ಹಳೆಯ ಕಡತಕ್ಕಾಗಿ ಬೆಳಗ್ಗೆಯಿಂದ ಬಾಗಿಲಲ್ಲಿ ನಿಂತಳು. ಅದು ಸಿಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ತಾಯಿ ಜಗಳವಾಡಲಿಲ್ಲ. "ನಾಳೆ ಬರ್ತೀನಿ ಬಿಡಿ" ಎಂದಳು. ಆ ಮಾತು ಇವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಅಂದಿನಿಂದ ನಾಲ್ಕು ವರ್ಷ ಅವಳಿಗೆ ಊಟದ ಬಿಡುವೆಂಬುದೇ ಇರಲಿಲ್ಲ. ಪ್ರತಿ ಕಡತಕ್ಕೂ ಅಂಗೈಯಗಲದ ಚೀಟಿ ಬರೆದಳು: ಹೆಸರು, ಹುಟ್ಟಿದ ವರ್ಷ, ಕಪಾಟಿನ ಸಂಖ್ಯೆ. ಕಡತ ಇದ್ದಲ್ಲೇ ಇರಲಿ, ಚೀಟಿ ದಾರಿ ತೋರಿಸಲಿ ಎಂಬುದು ಅವಳ ಲೆಕ್ಕ. ಬರೆಯುತ್ತಾ ಇನ್ನೊಂದು ಸಂಗತಿ ಹೊಳೆಯಿತು. ಒಬ್ಬನದೇ ಹೆಸರನ್ನು ಒಬ್ಬ ಗುಮಾಸ್ತ ದಕಾರದಲ್ಲಿ ಬರೆದರೆ ಇನ್ನೊಬ್ಬ ಧಕಾರದಲ್ಲಿ ಬರೆದಿದ್ದ. ಸ, ಶ, ಷಗಳ ಗೋಳಂತೂ ಕೇಳುವುದೇ ಬೇಡ. ಕಿವಿಗೆ ಒಂದೇ ಥರ ಕೇಳುವ ಹೆಸರುಗಳನ್ನೆಲ್ಲ ಅವಳು ಒಂದೇ ಖಾನೆಗೆ ಹಾಕಿದಳು. ವಾರಕ್ಕೆರಡು ಸಲ ಬರುವ ರೋಗಿಗಳ ಕಡತಗಳನ್ನು ಬಾಗಿಲ ಪಕ್ಕಕ್ಕೇ ತಂದಿಟ್ಟಳು. ಅರ್ಧ ದಿನದ ಕೆಲಸ ಎರಡು ನಿಮಿಷಕ್ಕಿಳಿಯಿತು. ಇಡೀ ಆಸ್ಪತ್ರೆಗೆ ಅವಳು ಚೀಟಿಯಕ್ಕನಾದಳು.

ಇಪ್ಪತ್ತೆರಡು ವರ್ಷಗಳ ಮೇಲೆ ಕಂಪ್ಯೂಟರು ಬಂತು, ಜೊತೆಗೊಬ್ಬ ಎಂಜಿನಿಯರೂ ಬಂದ. ವಿನಯವಂತ. ಮೊದಲ ದಿನ ಒಂದು ಹೆಸರು ಒತ್ತಿ ಬಹಳ ಹೊತ್ತು ಕಾದ. ಕೊನೆಗೆ ಪರದೆಯ ಮೇಲೆ "ಸಿಗಲಿಲ್ಲ" ಎಂದು ಬಂತು.

"ಇದೂ ಮೊದಲಿಂದ ಕೊನೆವರೆಗೂ ಒಂದೊಂದೇ ನೋಡುತ್ತಾ ಏನಪ್ಪಾ?" ಎಂದು ಚೀಟಿಯಕ್ಕ ಕೇಳಿದಳು.

"ಹೌದು ಮೇಡಂ."

"ನಮ್ಮ ಹಳೇ ಜವಾನನೂ ಹೀಗೇ ಹುಡುಕ್ತಿದ್ದ. ಮಧ್ಯೆ ಬೀಡಿ ಸೇದೋಕೆ ಹೋಗ್ತಿದ್ದ, ಅಷ್ಟೇ ವ್ಯತ್ಯಾಸ."

ಅವನು ನಕ್ಕ. ಮರುದಿನ ನೋಟುಬುಕ್ಕು ಹಿಡಿದು ಬಂದ. ಯಾವ ಅಕ್ಷರ ಯಾವುದರ ಜೊತೆ, ಹೆಸರಾದ ಮೇಲೆ ಹುಟ್ಟಿದ ವರ್ಷವನ್ನೇ ಯಾಕೆ ನೋಡಬೇಕು, ಯಾರ ಕಡತ ಕೈಗೆಟುಕುವಲ್ಲಿರಬೇಕು ಎಂದು ಎರಡು ತಿಂಗಳು ಕೇಳಿದ. ಅವಳು ಏನನ್ನೂ ಮುಚ್ಚಿಡಲಿಲ್ಲ. ಅದನ್ನೆಲ್ಲ ಅವನು ಯಂತ್ರಕ್ಕೆ ಕಲಿಸಿದ ಮೇಲೆ, ಕಣ್ಣು ಮಿಟುಕಿಸುವುದರೊಳಗೆ ಕಂಪ್ಯೂಟರು ಹೆಸರು ಹುಡುಕತೊಡಗಿತು.

"ಉದ್ಘಾಟನೆ ದಿನ ನಿಮ್ಮ ಹೆಸರು ಹೇಳದೆ ಇರ್ತೀವಾ ಮೇಡಂ?" ಎಂದ.

ಅದನ್ನು ನಂಬಿ ಅವಳು ಗಂಡನನ್ನೂ ಕರೆದುಕೊಂಡು ಹೋದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ನೆಟ್ಟಗೆ ಕೂತ. ಮುಖ್ಯಾಧಿಕಾರಿ ಎಂಜಿನಿಯರನಿಗೆ ಫಲಕ ಕೊಟ್ಟರು. "ಉಚ್ಚಾರಣೆಯ ಮೇಲೆ ಹುಡುಕುವ ಈ ವಿಧಾನ ಇವರ ತಂಡದ್ದೇ ಶೋಧ" ಎಂದರು. ಚಪ್ಪಾಳೆ ಬಿತ್ತು. ಗಂಡನೂ ಹೊಡೆದ. ವಂದನಾರ್ಪಣೆ ಶುರುವಾದಾಗ ಮೆಲ್ಲಗೆ ಕೇಳಿದ: "ನಿನ್ನ ಹೆಸರು ಯಾವಾಗ ಕರೀತಾರೆ ಕಣೇ?"

ಅವಳು ಚೀಲ ಎತ್ತಿಕೊಂಡು ಎದ್ದಳು.

ಹೊರಗೆ ಎಂಜಿನಿಯರು ಓಡಿ ಬಂದ. "ಮೇಡಂ, ಭಾಷಣ ಬರೆದದ್ದು ನಾನಲ್ಲ..."

"ಅಷ್ಟು ಲಕ್ಷ ಹೆಸರು ಹುಡುಕುತ್ತೆ ನಿಮ್ಮ ಯಂತ್ರ. ನನ್ನದೊಂದು ಸಿಗಲಿಲ್ವೇನಪ್ಪಾ?"

ಗಂಡನೇ ಅವಳ ಕೈ ಹಿಡಿದು ಬಸ್ಸಿನತ್ತ ನಡೆಸಿದ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: "ಕೆಸರು ನನ್ನ ಕೈಗೆ, ಮೊಸರು ಅವರ ಬಾಯಿಗೆ."

ಮುಂದಿನ ತಿಂಗಳು ಚೀಟಿಗಳೆಲ್ಲ ರದ್ದಿಗೆ ಹೋದವು. ದಾಖಲೆ ಕೋಣೆಯಲ್ಲಿ ಇನ್ನು ಕೆಲಸವಿಲ್ಲವೆಂದು ಅವಳನ್ನು ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಒಗೆದು ಬಂದದ್ದನ್ನು ಬಂದ ಹಾಗೇ ಪೇರಿಸಿದಳು.

ಒಂದು ದಿನ ನರ್ಸು ಬಂದು ಮಕ್ಕಳ ವಾರ್ಡಿನ ಹೊದಿಕೆ ಎಲ್ಲಿದೆ ಎಂದಳು.

"ಒಳಗೇ ಇದೆ. ಹುಡುಕ್ಕೊಳ್ಳಮ್ಮ."

ಬಲಗಡೆಯ ಮೂರನೇ ರಾಶಿಯ ಅಡಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನರ್ಸು ಬೆವರುತ್ತಾ ಒಂದೊಂದೇ ರಾಶಿ ಕೆಡವುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದಳು. ಖುಷಿಯಾದೀತೆಂದುಕೊಂಡಿದ್ದಳು. ಅದೂ ಆಗಲಿಲ್ಲ.